ಎದುರು ಬಂದ ಬಸ್ಸುಗಳು

ನಮ್ಮ ವಾಟ್ಸ್ಯಾಪ್ ಗ್ರೂಪಿನಲ್ಲಿ ಇರುವುದು ನಾಲ್ಕೇ ಜನ. ಗ್ರೂಪಿನ ಹೆಸರು ‘ತಲೆಬಿಸಿ’. ಒಂದೇ ಸರಕಾರಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಒಟ್ಟಿಗೆ ಕಲಿತವರು ನಾವು. ಎಲ್ಲರಿಗೂ ಐವತ್ತೈದು ದಾಟಿದೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಎರಡು ವರ್ಷದ ಹಿಂದೆ ಸ್ವಯಂ ನಿವೃತ್ತಿ ಪಡೆದು ಶಕ್ತಿನಗರದ ಮನೆಯಲ್ಲಿ ಕೂತವಳು. ಇನ್ನೊಬ್ಬಳು ಸುರತ್ಕಲ್‌ನಲ್ಲಿ ಒಂದು ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ಮೂರನೆಯವನು ಕುವೈತಿನಲ್ಲಿ ಒಂದು ಸೂಪರ್ ಮಾರ್ಕೆಟಿನ ಮ್ಯಾನೇಜರ್. ನಾಲ್ಕನೆಯವನು ಇಪ್ಪತ್ತೆಂಟು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದು, ಬೆನ್ನು ಕೈಕೊಟ್ಟ ಮೇಲೆ ಪಂಪ್‌ವೆಲ್ ಹತ್ತಿರ ಕೊಡೆ, ಬೆಲ್ಟು, ಪರ್ಸು ಮಾರುವ ಸಣ್ಣ ಅಂಗಡಿ ಇಟ್ಟವನು.

ಕಂಡಕ್ಟರನ ಮನೆಮಾತು ಬ್ಯಾರಿ, ಉಳಿದ ಮೂವರದ್ದು ತುಳು. ಶಾಲೆಯೊಳಗೆ ತುಳು ಆಡಿದರೆ ಅಂಗೈಗೆ ಬೆತ್ತ ಬೀಳುತ್ತಿತ್ತು. ಆ ಹೆದರಿಕೆ ಇನ್ನೂ ಬಿಟ್ಟಿಲ್ಲವೋ ಏನೋ, ನಾವು ನಾಲ್ವರು ಸೇರಿದರೆ ಇವತ್ತಿಗೂ ಕನ್ನಡವೇ.

ಗ್ರೂಪಿನ ಕೆಲಸ ಎರಡು. ಬೆಳಿಗ್ಗೆ ಆರೂವರೆಗೆ ನಾನೊಂದು ಲೆಕ್ಕ ಹಾಕಬೇಕು, ಗ್ರಂಥಾಲಯದವಳು ಒಂದು ಶಬ್ದ ಹಾಕಬೇಕು. ಅವಳ ಶಬ್ದಗಳು ಸೊಗಸು. ನಾವು ದಿನಾ ತೆರೆಯುವ ಜನೇಲು, ತಿರುಗಿಸುವ ಚಾವಿ, ತಿಂಗಳ ಕೊನೆಗೆ ಕಾಯುವ ಪಗಾರ ಎಲ್ಲವೂ ಪೋರ್ಚುಗೀಸರು ಬಿಟ್ಟುಹೋದದ್ದು ಎಂದು ಅವಳು ಬರೆದ ದಿನ, ಕುವೈತಿನವನು ‘ಖಾಲಿ, ಬಾಕಿ, ತಾರೀಕು ನಾನಿಲ್ಲಿ ಅರಬರ ಬಾಯಲ್ಲೇ ಕೇಳ್ತೇನೆ, ಹಾಗಾದ್ರೆ ನಮ್ಮದು ಅಂತ ಎಂತ ಉಂಟು ಮಾರಾಯ್ತಿ?’ ಎಂದು ಕೇಳಿದ್ದ. ‘ಬೂತಾಯಿ’ ಎಂದು ಕಂಡಕ್ಟರ್ ಉತ್ತರ ಹಾಕಿದ. ಬೂತಾಯಿ ಮೀನಿನ ವಿಚಾರದಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ, ಆವತ್ತಿನ ಚರ್ಚೆ ಅಲ್ಲಿಗೆ ಮುಗಿಯಿತು.

ಲೆಕ್ಕಕ್ಕೆ ಮಾತ್ರ ಒಂದು ಕಟ್ಟಳೆ ಇತ್ತು. ಮಾಡಿದವಳು ನಾನೇ. ಉತ್ತರ ಮಾತ್ರ ಬರೆದರೆ ಸಾಲದು, ಅಲ್ಲಿಗೆ ಹೋದ ದಾರಿಯನ್ನೂ ಬರೆಯಬೇಕು. ದಾರಿ ಇಲ್ಲದ ಉತ್ತರಕ್ಕೆ ಸೊನ್ನೆ. ನಾನು ಅವರ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ಕೆಂಪು ಶಾಯಿಯಲ್ಲಿ ತಿದ್ದಿ, ಸಂಜೆ ಫೋಟೋ ತೆಗೆದು ಹಾಕುತ್ತಿದ್ದೆ. ಮೂವತ್ತು ವರ್ಷ ತಿದ್ದಿದ ಕೈ. ನಿವೃತ್ತಿ ಸಿಕ್ಕಿದ್ದು ನನಗೆ, ಕೈಗಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿ ತಂದ ಉತ್ತರವನ್ನು ಈ ಕಟ್ಟಳೆಯಿಂದ ಹಿಡಿಯಬಹುದು ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ತಿದ್ದುವುದು ನನಗೆ ಖುಷಿ ಕೊಡುತ್ತಿತ್ತು.

ಕಂಡಕ್ಟರನಿಗೆ ಅತಿ ಹೆಚ್ಚು ಸೊನ್ನೆ ಸಿಗುತ್ತಿತ್ತು. ಮೂರು ಬೆಕ್ಕು ಮೂರು ನಿಮಿಷದಲ್ಲಿ ಮೂರು ಬೂತಾಯಿ ತಿಂದರೆ, ನೂರು ಬೆಕ್ಕು ನೂರು ಬೂತಾಯಿ ತಿನ್ನಲು ಎಷ್ಟು ಹೊತ್ತು ಎಂದು ಒಮ್ಮೆ ಕೇಳಿದ್ದೆ. ಕುವೈತಿನವನು ನೂರು ನಿಮಿಷ ಎಂದು ಎಡವಿದ. ಕಂಡಕ್ಟರ್ ‘ಮೂರು’ ಎಂದು ಬರೆದು ಸುಮ್ಮನಾದ. ಸರಿ ಉತ್ತರ. ಆದರೆ ದಾರಿ ಎಲ್ಲಿ? ಸೊನ್ನೆ ಕೊಟ್ಟೆ. ಅವನು ನಗುವ ಮುಖದ ಗುರುತು ಹಾಕಿದ. ಅವನಿಗೆ ಬೇಸರವಾಗಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಗಟ್ಟಿ ಚರ್ಮದ ಮನುಷ್ಯ, ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಎಂತೆಂತಹ ಮಾತು ಕೇಳಿದವನು ಎಂದುಕೊಂಡಿದ್ದೆ.

ಹೋದ ವರ್ಷ ಮಳೆ ಶುರುವಾಗುವ ಮೊದಲು, ಒಂದು ಸೋಮವಾರ, ಬಸ್ಸಿನ ಲೆಕ್ಕ ಹಾಕಿದೆ. ಸುರತ್ಕಲ್‌ನಿಂದ ಪೇಟೆಯ ಬಸ್ ನಿಲ್ದಾಣಕ್ಕೆ ಒಂದು ಗಂಟೆಯ ದಾರಿ. ಎರಡೂ ಕಡೆಯಿಂದ ಹತ್ತು ಹತ್ತು ನಿಮಿಷಕ್ಕೆ ಒಂದು ಬಸ್ಸು ಬೆಳಗಿನಿಂದ ಹೊರಡುತ್ತಲೇ ಇರುತ್ತದೆ. ನೀವು ಎಂಟು ಗಂಟೆಗೆ ಸುರತ್ಕಲ್‌ನಿಂದ ಹೊರಟು ಒಂಬತ್ತಕ್ಕೆ ಪೇಟೆ ಮುಟ್ಟಿದರೆ, ಎರಡೂ ತುದಿಯ ನಿಲ್ದಾಣ ಸೇರಿಸಿ, ಎದುರು ದಿಕ್ಕಿನ ಎಷ್ಟು ಬಸ್ಸು ನೋಡುತ್ತೀರಿ?

ನನ್ನ ಉತ್ತರ ಏಳು. ಎಂಟು ಗಂಟೆಯದು, ಎಂಟು ಹತ್ತರದು, ಹೀಗೆ ಒಂಬತ್ತರದು ಸೇರಿ ಏಳು. ಕುವೈತಿನವನೂ ಏಳು ಎಂದ. ಗ್ರಂಥಾಲಯದವಳು ಉತ್ತರಿಸಲಿಲ್ಲ. ಕಂಡಕ್ಟರ್ ಎಂದಿನಂತೆ ಒಂದೇ ಸಂಖ್ಯೆ ಬರೆದ: ‘13’.

ಆವತ್ತು ನನ್ನ ಮನಸ್ಸು ಯಾವುದೋ ಮನೆ ವಿಷಯಕ್ಕೆ ಕೆಟ್ಟಿತ್ತು. ಅದು ನೆಪ ಅಷ್ಟೆ. ಹದಿಮೂರರ ಮೇಲೆ ಉದ್ದ ಗೆರೆ ಎಳೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: ‘ದಾರಿ ಎಲ್ಲಿ? ಇದು ಟಿಕೆಟ್ ಹರಿದು ಕೊಟ್ಟ ಹಾಗಲ್ಲ, ಗಣಿತ.’ ಫೋಟೋ ತೆಗೆದು ಹಾಕಿಯೂ ಬಿಟ್ಟೆ. ಕುವೈತಿನವನು ಜೋರಾಗಿ ನಗುವ ಚಿತ್ರ ಹಾಕಿದ.

ಹತ್ತು ನಿಮಿಷದ ಮೇಲೆ ಕಂಡಕ್ಟರ್ ಬರೆದ. ‘ನೀವು ಹೇಳಿದ್ದೇ ಸರಿ ಟೀಚರ್.’ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನನ್ನು ನೀನು, ಹೋಗೆ, ಬಾರೆ ಎಂದವನು ಮೊದಲ ಸಲ ನೀವು ಎಂದಿದ್ದ. ಅದರ ಕೆಳಗೆ ಇನ್ನೊಂದು ಬೂದು ಸಾಲು ಬಂತು: ಅವನು ಗ್ರೂಪು ಬಿಟ್ಟಿದ್ದಾನೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ನನ್ನ ವಿಷಯಕ್ಕೆ ಬಂದಾಗ ಮೊದಲು ಬಂದದ್ದು ಸಿಟ್ಟು. ಅಷ್ಟಕ್ಕೆಲ್ಲ ಗ್ರೂಪು ಬಿಡುವುದಾ? ಉತ್ತರ ತಪ್ಪಿದರೆ ತಪ್ಪು ಅನ್ನಬಾರದಾ? ಫೋನು ಮಾಡಿದೆ, ಎತ್ತಲಿಲ್ಲ. ಮತ್ತೂ ಸಿಟ್ಟು ಬಂತು.

ಮರುದಿನ ಆರೂವರೆಗೆ ಗ್ರಂಥಾಲಯದವಳ ಶಬ್ದ ಬಂತು. ‘ಆಲ್ಜೀಬ್ರಾ. ಅರಬ್ಬಿಯ ಅಲ್-ಜಬ್ರ್ ಎಂಬುದರಿಂದ. ಮುರಿದದ್ದನ್ನು ಕೂಡಿಸುವುದು ಎಂದರ್ಥ. ಮೂಳೆ ಕಟ್ಟುವವರೂ ಅದೇ ಶಬ್ದ ಬಳಸುತ್ತಿದ್ದರು.’ ಅವಳ ಕುಟುಕು ನನಗೆ ಗೊತ್ತಾಗದ್ದೇನಲ್ಲ. ಫೋನು ಮಾಡಿ, “ಯಾಕೆ ಸುತ್ತಿ ಬಳಸಿ ಮಾತಾಡ್ತೀ, ನೇರ ಹೇಳು” ಎಂದೆ.

“ನೇರ ಹೇಳ್ಬೇಕಾ? ನಾನು ದಿನಾ ಆ ರೋಡಿನಲ್ಲೇ ಬಸ್ಸಲ್ಲಿ ಹೋಗುವವಳು. ಏಳು ಅಂದ್ರೆ ಕಡಿಮೆ ಆಯ್ತು ಅಂತ ಕಾಣ್ತದೆ ನನಗೆ.”

“ಕಾಣ್ತದೆ ಅಂದ್ರೆ ಎಂತ? ಎಣಿಸಿದ್ದೀಯಾ?”

“ಇಲ್ಲ. ನೀನು ಎಣಿಸಿದ್ದೀಯಾ?”

ನನ್ನ ಹಟದ ಬಗ್ಗೆ ನಮ್ಮ ಮನೆಯಲ್ಲಿ ಒಳ್ಳೆಯ ಅಭಿಪ್ರಾಯವಿಲ್ಲ. ಬುಧವಾರ ಬೆಳಿಗ್ಗೆ ತಿಂಡಿ ಅರ್ಧಕ್ಕೆ ಬಿಟ್ಟು, ಎರಡು ಬಸ್ಸು ಬದಲಿಸಿ ಸುರತ್ಕಲ್‌ಗೆ ಹೋದೆ. ಅಲ್ಲಿಂದ ಪೇಟೆಗೆ ಹೋಗುವ ಸಿಟಿ ಬಸ್ಸು ಹತ್ತಿ, ಎದುರಿನಿಂದ ಬರುವ ಬಸ್ಸು ಸರಿಯಾಗಿ ಕಾಣಲಿ ಎಂದು ಬಲಬದಿಯ ಕಿಟಕಿಯಲ್ಲಿ ಕೂತೆ. ಕೈಯಲ್ಲಿ ಪೆನ್ಸಿಲು, ತೊಡೆಯ ಮೇಲೆ ಔಷಧದ ಅಂಗಡಿಯ ಹಳೆ ಬಿಲ್ಲು. ನಮ್ಮ ಬಸ್ಸಿಗೆ ಯಾವ ನಂಬರಿದೆಯೋ ಅದೇ ನಂಬರಿನ ಬಸ್ಸು ಎದುರು ಬಂದರೆ ಒಂದು ಗೀಟು. ಏಳು ಗೀಟು ಎಳೆದು, ಬಿಲ್ಲಿನ ಫೋಟೋ ತೆಗೆದು, ಇಬ್ಬರ ಬಾಯಿಯನ್ನೂ ಮುಚ್ಚಿಸುವುದು ನನ್ನ ಉದ್ದೇಶ.

ನಾವು ಹೊರಡುವಾಗಲೇ ಒಂದು ಬಸ್ಸು ನಿಲ್ದಾಣಕ್ಕೆ ಬಂದು ನಿಂತಿತು. ಬೈಕಂಪಾಡಿಗೆ ಮುಟ್ಟುವುದರೊಳಗೆ ಎದುರಿನಿಂದ ಎರಡು. ಬೆಳಗಿನ ಹೊತ್ತು, ಜನ ಜಾಸ್ತಿ ಎಂದು ಹೆಚ್ಚುವರಿ ಬಸ್ಸು ಬಿಟ್ಟಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಕೂಳೂರು ಸೇತುವೆಯ ಮೇಲೆ ಐದನೆಯದು. ಅಷ್ಟೂ ಹೆಚ್ಚುವರಿಯೇ ಎಂದುಕೊಳ್ಳಲು ನನ್ನಂಥವಳಿಗೂ ಕಷ್ಟವಾಯಿತು. ಕೊಟ್ಟಾರ ಚೌಕಿಯ ಸಿಗ್ನಲಿನಲ್ಲಿ ಏಳನೆಯ ಗೀಟು ಎಳೆದೆ. ಪೇಟೆಗೆ ಇನ್ನೂ ಇಪ್ಪತ್ತು ಇಪ್ಪತ್ತೈದು ನಿಮಿಷ ಬಾಕಿ ಇತ್ತು.

ಸಿಗ್ನಲಿನಲ್ಲಿ ನಿಂತಿದ್ದ ಆ ಎದುರು ಬಸ್ಸನ್ನು ನೋಡುತ್ತಾ ಕೂತೆ. ಅದರ ತುಂಬ ಜನ. ಇವರೆಲ್ಲ ಪೇಟೆಯಿಂದ ಹೊರಟದ್ದು ಎಷ್ಟು ಹೊತ್ತಿಗೆ? ನಾನು ಸುರತ್ಕಲ್‌ನಲ್ಲಿ ಹತ್ತಿದ ಮೇಲೆ. ಆದರೆ ಆ ಮೊದಲ ಐದು? ಅವು ನಾನು ಹತ್ತುವ ಮೊದಲೇ ದಾರಿಯಲ್ಲಿದ್ದವು. ನಾನು ಲೆಕ್ಕ ಮಾಡುವಾಗ ಎಂಟು ಗಂಟೆಗೆ ನಾನು ಹೊರಟ ಕ್ಷಣದಿಂದಲೇ ಲೋಕದ ಬಸ್ಸುಗಳೆಲ್ಲ ಹೊರಟವು ಎಂದುಕೊಂಡಿದ್ದೆ. ಏಳು ಗಂಟೆಯಿಂದಲೇ ಹೊರಟು ಎದುರಿಗೆ ಬರುತ್ತಿದ್ದವನ್ನು ಬಿಟ್ಟೇಬಿಟ್ಟಿದ್ದೆ. ಏಳರಿಂದ ಒಂಬತ್ತರವರೆಗೆ ಹತ್ತು ನಿಮಿಷಕ್ಕೊಂದರಂತೆ ಎಣಿಸಿದರೆ ಹದಿಮೂರು. ಎರಡು ನಿಲ್ದಾಣದಲ್ಲಿ, ಹನ್ನೊಂದು ದಾರಿಯಲ್ಲಿ.

ಕಿವಿ ಬಿಸಿಯಾಯಿತು. ತಪ್ಪಿದ್ದಕ್ಕೆ ಅಲ್ಲ. ಮೂವತ್ತು ವರ್ಷದಲ್ಲಿ ಬೋರ್ಡಿನ ಮುಂದೆ ನಾನು ತಪ್ಪಿದ್ದು ಬೇಕಷ್ಟಿದೆ, ಮಕ್ಕಳು ತೋರಿಸಿದರೆ ಒರೆಸಿ ಬರೆದಿದ್ದೇನೆ. ಸರಿ ಉತ್ತರ ಕೊಟ್ಟವನನ್ನು ಅವನ ಕಸುಬು ಹಿಡಿದು ಹೀಯಾಳಿಸಿದ್ದೆ. ಅದನ್ನು ನೆನೆದಾಗ ಬಸ್ಸಿನಲ್ಲಿ ಯಾರಾದರೂ ನನ್ನ ಗುರುತಿನವರು ಇದ್ದಾರೆಯೇ ಎಂದು ತಿರುಗಿ ನೋಡಿಕೊಂಡೆ.

ಪೇಟೆ ಮುಟ್ಟುವಾಗ ದಾರಿಯ ಗೀಟು ಹತ್ತೇ ಆಗಿತ್ತು. ಹಟ ಸುಲಭಕ್ಕೆ ಸಾಯುವುದಿಲ್ಲ. ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ನೋಡುವ ಟೈಮ್ ಕೀಪರ್ ಹತ್ತಿರ ಹೋಗಿ, ಒಂದು ಕಡಿಮೆ ಯಾಕೆ ಎಂದು ಕೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಒಂದು ಗಾಡಿ ಇವತ್ತು ಗ್ಯಾರೇಜಲ್ಲಿ ಉಂಟು, ಟ್ರಿಪ್ ಕಟ್. ನಿಮಗೆ ಎಂತ ಆಗ್ಬೇಕಿತ್ತು?” ಎಂದರು. ನನಗೆ ಆಗಬೇಕಾದ್ದು ಆಗಿತ್ತು. ಅಲ್ಲಿಂದ ನೇರ ಪಂಪ್‌ವೆಲ್‌ಗೆ ಹೋದೆ.

ಅವನ ಅಂಗಡಿ ಫ್ಲೈಓವರಿನ ಬದಿಯ ಸರ್ವಿಸ್ ರಸ್ತೆಯಲ್ಲಿದೆ. ಮಳೆಗಾಲ ಹತ್ತಿರ ಬಂದದ್ದರಿಂದ ಕೊಡೆಗಳ ಹೊಸ ಕಟ್ಟು ಬಂದಿತ್ತು. ಒಂದೊಂದನ್ನೇ ಬಿಡಿಸಿ, ಕಡ್ಡಿ ನೋಡಿ, ಮಡಚಿ ಇಡುತ್ತಿದ್ದ. ನನ್ನನ್ನು ನೋಡಿ ಎದ್ದು, ಸ್ಟೂಲು ಒರೆಸಿ ಕೊಟ್ಟ.

“ಕೂತ್ಕೊಳ್ಳಿ ಟೀಚರ್.”

“ನೀವು ಗೀವು ಬೇಡ. ನಿನ್ನ ಉತ್ತರ ಸರಿ. ನನ್ನದು ತಪ್ಪು. ಬಸ್ಸಲ್ಲಿ ಹೋಗಿ ಎಣಿಸಿ ಬಂದೆ.”

ಅವನು ನಕ್ಕ. “ಅಷ್ಟು ಮಾಡಿದ್ಯಾ? ನನ್ನತ್ರ ಕೇಳಿದ್ರೆ ಹೇಳ್ತಿದ್ದೆನಲ್ಲ. ಎದುರು ನಮ್ಮ ಬಸ್ಸು ಬಂದ್ರೆ ನಾವು ಕಂಡಕ್ಟರುಗಳು ಕೈ ಎತ್ತುದು. ಆ ರೂಟಲ್ಲಿ ಹನ್ನೊಂದು ಸಲ ಕೈ ಎತ್ತಿದ್ರೆ ಟ್ರಿಪ್ಪು ಮುಗೀತಿತ್ತು. ಹತ್ತೇ ಆದ್ರೆ ಯಾವುದೋ ಗಾಡಿ ಕೆಟ್ಟಿದೆ ಅಂತ ಲೆಕ್ಕ.”

“ಅದನ್ನೇ ಬರೀಬೇಕಿತ್ತು ಮಾರಾಯ. ಅದೇ ದಾರಿ!”

“ಅದು ದಾರಿ ಅಂತ ಯಾರಿಗೆ ಗೊತ್ತು. ನಿನ್ನ ದಾರಿ ಅಂದ್ರೆ ಎಕ್ಸು, ವೈ ಅಲ್ವಾ?”

ನಾನು ಕ್ಷಮೆ ಕೇಳಿದೆ. ಟಿಕೆಟ್ಟಿನ ಮಾತು ಬರೆಯಬಾರದಿತ್ತು ಎಂದೆ. ಸರಿ, ಆಯ್ತು ಎಂದ. ಹಾಗಾದರೆ ಗ್ರೂಪಿಗೆ ಬರುತ್ತೀಯಲ್ಲ ಎಂದು ಕೇಳಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದ. ಇನ್ನೊಂದು ಕೊಡೆ ಬಿಡಿಸಿ, ಅದರ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಕೇಳಿದ:

“ಏಳನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ನೆನಪುಂಟಾ ನಿನಗೆ? ನಳ್ಳಿ ಲೆಕ್ಕ?”

ನನಗೆ ನೆನಪಿರಲಿಲ್ಲ. ಅವನೇ ಹೇಳಿದ. ಒಂದು ನಳ್ಳಿ ತೊಟ್ಟಿಯನ್ನು ಮೂರು ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು ಆರು ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಎಷ್ಟು ಗಂಟೆ? ಅವನು ಎರಡು ಎಂದು ಬರೆದಿದ್ದ. ದಾರಿ ಬರೆದಿರಲಿಲ್ಲ. ಪೇಪರ್ ತಿದ್ದಿ ಕೊಟ್ಟ ದಿನ ಗಣಿತದ ಮಾಸ್ಟ್ರು ಅವನನ್ನು ನಿಲ್ಲಿಸಿ, ಯಾರದ್ದು ನೋಡಿ ಬರೆದೆ ಎಂದು ಕೇಳಿದ್ದರು. ಪಕ್ಕದ ಸಾಲಿನಲ್ಲಿ ನಾನಿದ್ದೆ, ಕ್ಲಾಸಿಗೆ ಮೊದಲಿನವಳು. ನನ್ನ ಕಡೆ ತಿರುಗಿ, ಇವನು ನಿನ್ನ ಪೇಪರ್ ನೋಡಿದನಾ ಎಂದು ಕೇಳಿದ್ದರು.

“ನಾನು ಎಂತ ಹೇಳಿದೆ?” ಎಂದೆ.

“ಗೊತ್ತಿಲ್ಲ ಸರ್ ಅಂತ ಹೇಳಿದೆ.”

ಬದಿಯ ರಸ್ತೆಯಲ್ಲಿ ಬಸ್ಸೊಂದು ಹಾರನ್ ಒತ್ತಿ ನಿಂತು, ಜನ ಇಳಿಸಿ ಹೊರಟುಹೋಯಿತು.

“ನನಗೆ ಬೆತ್ತ ಬಿತ್ತು, ಅದು ದೊಡ್ಡ ವಿಷಯ ಅಲ್ಲ. ದಿನಾ ಬೀಳ್ತಿತ್ತು. ಆದರೆ ಆ ಲೆಕ್ಕದಲ್ಲಿ ನಿನ್ನ ಉತ್ತರವೇ ತಪ್ಪು. ಪೇಪರ್ ಕೊಟ್ಟಾಗ ನೋಡಿದೆ. ಮೂರು ಮತ್ತೆ ಆರು ಕೂಡಿಸಿ ಅರ್ಧ ಮಾಡಿ ನಾಲ್ಕೂವರೆ ಅಂತ ಬರೆದಿದ್ದೆ ನೀನು. ಒಂದೇ ನಳ್ಳಿ ಮೂರು ಗಂಟೆಯಲ್ಲಿ ತುಂಬಿಸ್ತದೆ, ಎರಡು ಬಿಟ್ರೆ ನಾಲ್ಕೂವರೆ ಆಗ್ತದಾ? ನಿನ್ನದು ನೋಡಿ ಬರೆದಿದ್ರೆ ನನ್ನದೂ ತಪ್ಪಬೇಕಿತ್ತಲ್ಲ. ಅಷ್ಟು ಹೇಳಿದ್ರೆ ಸಾಕಿತ್ತು ನೀನು. ನಿನಗೆ ಗೊತ್ತಿತ್ತು.”

ಅವನ ಧ್ವನಿ ಏರಲಿಲ್ಲ. ಕೊಡೆಯನ್ನು ಮಡಚಿ ಗುಂಡಿ ಹಾಕಿದ.

“ಶಾಲೆ ಬಿಟ್ಟದ್ದು ಅದಕ್ಕಲ್ಲ. ಅಪ್ಪನ ಅಂಗಡಿ ಮುಚ್ಚಿತು, ಅದಕ್ಕೆ. ಆದರೆ ಬಿಡುವಾಗ ಬೇಜಾರಾಗಲಿಲ್ಲ ನೋಡು. ಅದು ಇದರಿಂದ.”

ನನಗೆ ಅದು ನೆನಪಿಲ್ಲ ಎಂದು ಹೇಳಬಹುದಿತ್ತು, ನಿಜವೂ ಹೌದು. ಆದರೆ ಹನ್ನೆರಡು ವರ್ಷದ ಆ ಹುಡುಗಿ ಯಾಕೆ ‘ಗೊತ್ತಿಲ್ಲ’ ಎಂದಿದ್ದಾಳು ಎಂಬುದು ನನಗೆ ಚೆನ್ನಾಗಿ ಗೊತ್ತು. ಅವನು ನನ್ನದನ್ನು ನೋಡಿಲ್ಲ ಎಂದು ತೋರಿಸಲು ನನ್ನ ಉತ್ತರವನ್ನು ಹೇಳಬೇಕಿತ್ತು, ಹೇಳಿದ್ದರೆ ನನ್ನದು ತಪ್ಪು ಎಂದು ಇಡೀ ಕ್ಲಾಸಿಗೆ ತಿಳಿಯುತ್ತಿತ್ತು. ಆ ಹುಡುಗಿಯ ಪರಿಚಯ ನನಗೆ ಇದೆ. ಸೋಮವಾರ ಕೆಂಪು ಶಾಯಿ ಹಿಡಿದವಳೂ ಅವಳೇ. ಎದ್ದು ಮನೆಗೆ ಬಂದೆ, ದಾರಿಯುದ್ದಕ್ಕೂ ಅಳು ಬಂತು. ಸ್ಟಾಪು ತಪ್ಪಿ ಒಂದು ಸ್ಟಾಪು ಹಿಂದಕ್ಕೆ ನಡೆದೆ.

ಸಂಜೆ ಗ್ರೂಪಿನಲ್ಲಿ ಬರೆದೆ. ಬಸ್ಸಿನ ಲೆಕ್ಕಕ್ಕೆ ಸರಿ ಉತ್ತರ ಹದಿಮೂರು, ನನಗೆ ಸೊನ್ನೆ ಎಂದು ಬರೆದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನಳ್ಳಿ ಲೆಕ್ಕವನ್ನೂ, ನಾಲ್ಕೂವರೆಯನ್ನೂ, ನಾನು ಅಂದದ್ದನ್ನೂ ಬರೆದೆ. ಕುವೈತಿನವನು ಈ ಸಲ ಚಿತ್ರಗಿತ್ರ ಹಾಕಲಿಲ್ಲ. ‘ನನಗೆ ಆ ದಿನ ನೆನಪುಂಟು. ನಾನೂ ಸುಮ್ಮನೆ ಕೂತಿದ್ದೆ’ ಎಂದಷ್ಟೇ ಬರೆದ. ಗ್ರಂಥಾಲಯದವಳು ನಾನು ಬರೆದದ್ದನ್ನು ಕಂಡಕ್ಟರನಿಗೆ ಕಳುಹಿಸಿದಳು. ನಾನು ಗ್ರೂಪಿನ ಲಿಂಕನ್ನೂ ಕಳುಹಿಸಿದೆ. ಎರಡು ನೀಲಿ ಗೀಟು ಬಂತು, ಅವನು ಬರಲಿಲ್ಲ.

ಬಾರದಿದ್ದರೆ ಬೇಡ, ನಾನೇ ಹೋಗುತ್ತೇನೆ ಎಂದು ನಿಶ್ಚಯಿಸಿದೆ. ಮರುದಿನದಿಂದ ದಿನಾ ಸಂಜೆ ಐದಕ್ಕೆ ಅವನ ಅಂಗಡಿಗೆ ಹೊರಟೆ. ಆವತ್ತಿನ ಲೆಕ್ಕವನ್ನು ಓದಿ ಹೇಳುವುದು, ಅವನು ಗಿರಾಕಿಗಳ ನಡುವೆ ಬಾಯಲ್ಲೇ ಬಿಡಿಸುವುದು, ಅವನು ಹೇಳಿದ್ದನ್ನು ನಾನು ಅವನ ಮಾತಿನಲ್ಲೇ ಹಾಳೆಗೆ ಇಳಿಸಿ, ‘ಕಂಡಕ್ಟರನ ದಾರಿ’ ಎಂದು ಮೇಲೆ ಬರೆದು ಗ್ರೂಪಿಗೆ ಹಾಕುವುದು. ಮೊದಲ ದಿನ, “ನಿನಗೆ ಬೇರೆ ಕೆಲಸ ಇಲ್ವಾ?” ಎಂದ. ಇಲ್ಲ ಎಂದೆ. ಎರಡನೇ ದಿನ ಉತ್ತರವನ್ನಷ್ಟೇ ಹೇಳಿ ಬೆನ್ನು ತಿರುಗಿಸಿದ. ಹೇಗೆ ಎಂದು ಹೇಳುವವರೆಗೆ ಸ್ಟೂಲು ಬಿಟ್ಟು ಏಳಲಿಲ್ಲ. ಬೆಲ್ಟು ಕೊಳ್ಳಲು ಬಂದವರೊಬ್ಬರು ನನ್ನನ್ನು ಅಂಗಡಿಯ ಯಜಮಾನ್ತಿ ಎಂದುಕೊಂಡು ಚೌಕಾಸಿಗೆ ನಿಂತರು; ನಾನು ಒಂದು ರೂಪಾಯಿಯನ್ನೂ ಬಿಡಲಿಲ್ಲ. ಆವತ್ತು ಮೊದಲ ಬಾರಿಗೆ ಅವನು ಮನಸಾರೆ ನಕ್ಕ. ಗ್ರೂಪಿನ ಮಾತು ಮಾತ್ರ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂಬತ್ತನೇ ದಿನ ಮಳೆ. ಕೊಡೆಗೆ ಗಿರಾಕಿಗಳು ಸಾಲು ಕಟ್ಟಿದ್ದರು. ಒಂದು ಬದಿಯಲ್ಲಿ ಒದ್ದೆಯಾಗಿ ಕೂತು, ಆವತ್ತಿನ ಲೆಕ್ಕ ಓದಿದೆ. ಒಂಬತ್ತು ಕೊಡೆಗಳಿವೆ, ನೋಡಲು ಒಂದೇ ರೀತಿ. ಒಂದರಲ್ಲಿ ಕಡ್ಡಿ ಕಡಿಮೆ, ಅದಷ್ಟೇ ಹಗುರ. ತಕ್ಕಡಿಯಲ್ಲಿ ಎರಡೇ ಸಲ ತೂಗಿ ಅದನ್ನು ಹುಡುಕಬೇಕು. ಗಿರಾಕಿಯ ಕೊಡೆಯನ್ನು ಬಿಡಿಸಿ ತೋರಿಸುತ್ತಲೇ ಅವನು ಹೇಳಿದ: ಮೂರು ಈ ಕಡೆ, ಮೂರು ಆ ಕಡೆ, ಮೂರು ಹೊರಗೆ. ಹಗುರಾದ ಕಡೆಯ ಮೂರನ್ನು ತೆಗೆದು, ಅದರಲ್ಲಿ ಒಂದು ಈ ಕಡೆ, ಒಂದು ಆ ಕಡೆ. ನಾನು ಅವಸರದಲ್ಲಿ ಬರೆದುಕೊಂಡೆ. ಫೋಟೋ ತೆಗೆಯಲು ಫೋನು ಎತ್ತಿದಾಗ, “ತಡಿ, ಎಂತ ಬರೆದೆ ನೋಡ್ತೇನೆ” ಎಂದು ಹಾಳೆಯನ್ನು ಎಳೆದುಕೊಂಡ. ಅಷ್ಟು ದಿನ ಒಮ್ಮೆಯೂ ಅದನ್ನು ಓದಿದವನಲ್ಲ.

“ತಕ್ಕಡಿ ಸಮ ನಿಂತ್ರೆ? ಆಗ ಹೊರಗೆ ಇಟ್ಟ ಮೂರರಲ್ಲಿ ಉಂಟು. ಅದನ್ನು ಬರೀಲೇ ಇಲ್ಲ ನೀನು. ಎರಡನೇ ಸಲ ತೂಗುವಾಗಲೂ ಸಮ ನಿಲ್ಲಬಹುದು, ಅದೂ ಇಲ್ಲ. ಹೊರಗೆ ಇದ್ದದ್ದನ್ನು ಮರೆತೇಬಿಡ್ತೀಯಲ್ಲ ಪ್ರತಿ ಸಲ.”

“ನೀನು ಹೇಳಲಿಲ್ಲ.”

“ಹೇಳ್ಬೇಕಾ? ಗೊತ್ತಿರ್ತದೆ ಅಂತ ಮಾಡಿದೆ. ಪೆನ್ನು ಕೊಡು, ನಾನೇ ಬರೀತೇನೆ.”

ಕೊಡೆಗಳ ಕಟ್ಟಿನ ಮೇಲೆ ಹಾಳೆ ಇಟ್ಟು, ಬಗ್ಗಿ, ಒಂದೊಂದೇ ಅಕ್ಷರ ಬರೆಯತೊಡಗಿದ. ಎದುರು ನಿಂತಿದ್ದ ಹೆಂಗಸು, “ಅಣ್ಣ, ಈ ಕೊಡೆಗೆ ಎಷ್ಟು?” ಎಂದು ಕೇಳಿದರು. ಅವನು ತಲೆ ಎತ್ತದೆ, “ಎರಡು ನಿಮಿಷ ನಿಲ್ಲಿ ಅಕ್ಕ, ಲೆಕ್ಕ ಮಾಡ್ತಾ ಇದ್ದೇನೆ” ಎಂದ. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತರು. ನಾನು ಎದ್ದು ಸ್ಟೂಲನ್ನು ಅವರಿಗೆ ಕೊಟ್ಟೆ.